ಎಂಟನೆಯವನ ಕಪ್ಪು ಕನ್ನಡಕ

ಮನುಷ್ಯನಿಗೆ ಮರ್ಯಾದೆ ಯಾವ ರೂಪದಲ್ಲಿ ಬರುತ್ತದೆಂದು ಮೊದಲೇ ಹೇಳಲು ಬರುವುದಿಲ್ಲ. ಕೆಲವರಿಗೆ ಅದು ಶಾಲು ಹಾರಗಳಾಗಿ ಬರುತ್ತದೆ, ಕೆಲವರಿಗೆ ಹೆಸರಿಗೆ ಅಂಟಿಕೊಳ್ಳುವ ಬಿರುದಾಗಿ. ಐವರ್ನಾಡಿನ ಬೆಳ್ಯಪ್ಪನವರಿಗೆ ಅದು ಕಡಲೆಕಾಳಿನಷ್ಟು ದೊಡ್ಡದಾದ ಒಂದು ಹಳದಿ ಉರುಟಾಗಿ, ಮೊಬೈಲಿನ ಒಡೆದ ಗಾಜಿನ ಹಿಂದಿನಿಂದ, ಅವರು ದನಕ್ಕೆ ಅಕ್ಕಚ್ಚು ಕೊಡುತ್ತಿದ್ದ ಹೊತ್ತಿಗೆ ಬಂತು. ದನ ಅಕ್ಕಚ್ಚಿಗಾಗಿ ಕುತ್ತಿಗೆ ಚಾಚಿಕೊಂಡೇ ನಿಂತಿತ್ತು. ಬೆಳ್ಯಪ್ಪನವರು ಬಾಲ್ದಿ ಹಿಡಿದುಕೊಂಡೇ ನಿಂತಿದ್ದರು.

ಅಷ್ಟು ಸಣ್ಣ ವಸ್ತುವಿನಿಂದ ಅಷ್ಟು ದೊಡ್ಡ ಸಂತೋಷ ಆಗಬೇಕಾದರೆ ಹಿಂದೆ ಒಂದು ದೊಡ್ಡ ದುಃಖ ಇರಬೇಕು. ಇತ್ತು.

ಬೆಳ್ಯಪ್ಪನವರ ಮನೆಯ ಜೇನು ದೇವರಿಗೆ ಸಲ್ಲುತ್ತಿದ್ದ ಜೇನು. ಊರಿನ ಗುಡಿಯಲ್ಲಿ ವರ್ಷಕ್ಕೊಮ್ಮೆ ಪಂಚಾಮೃತ ಅಭಿಷೇಕವಾಗುತ್ತದೆ. ಹಾಲು ಒಬ್ಬರ ಮನೆಯಿಂದ ಬರುತ್ತದೆ, ತುಪ್ಪ ಇನ್ನೊಬ್ಬರ ಮನೆಯಿಂದ. ಜೇನು ಮಾತ್ರ ಬೆಳ್ಯಪ್ಪನವರ ತಾಯಿಯ ಕೈಯಿಂದಲೇ ಬರಬೇಕು. ಆ ತಾಯಿ ತಲೆಗೆ ಮಿಂದು, ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ದಾರಿಯಲ್ಲಿ ಸಿಕ್ಕಿದ ಯಾರೊಡನೆಯೂ ಒಂದು ಮಾತಾಡದೆ ತಂದು ಗುಡಿಯ ಮೆಟ್ಟಿಲ ಮೇಲೆ ಇಡುತ್ತಿದ್ದರು. ಮಾತಾಡಿದರೆ ಜೇನಿನ ಮೇಲೆ ಮಾತಿನ ಎಂಜಲು ಬೀಳುತ್ತದೆ ಎನ್ನುವುದು ಅವರ ನಂಬಿಕೆ. ಅವರು ತೀರಿಕೊಂಡ ಮೇಲೆ ಆ ಕೆಲಸ ಮಗನಿಗೆ ಬಂತು. ಒಂದು ವರ್ಷ ಮಾಡಿದರು. ಮರುವರ್ಷ ಗುಡಿಯ ಹಿರಿಯರು ಬಹಳ ಮೆತ್ತಗಿನ ದನಿಯಲ್ಲಿ, ಈ ಸಲ ಜೇನನ್ನು ಅಂಗಡಿಯಿಂದ ತರಿಸಿ ಆಯಿತು ಎಂದರು. ಯಾಕೆ ಎಂದು ಕೇಳಿದ್ದಕ್ಕೆ ಒಬ್ಬ ಹಿರಿಯರು, ಪಂಚಾಮೃತಕ್ಕೆ ಸಕ್ಕರೆಯನ್ನು ಹೇಗೂ ಬೇರೆಯೇ ಹಾಕುತ್ತೇವಲ್ಲ, ಜೇನಿನ ಪಾಲಿನಲ್ಲಿಯೂ ಅದೇ ಬೇಡ ಅಂತ ಅಷ್ಟೆ, ಎಂದು ವೀಳ್ಯದೆಲೆಗೆ ಸುಣ್ಣ ಹಚ್ಚತೊಡಗಿದರು.

ಇದಕ್ಕೆಲ್ಲ ಮೂಲ ಬೆಳ್ಯಪ್ಪನವರ ತಂಗಿ ಸೀತುವಿನ ಗಂಡ, ಕೋಡಿಂಬಾಳದ ಜಯಪ್ರಕಾಶ್. ಅವರೂ ಜೇನು ಸಾಕಿದವರೇ. ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕಿನ ಜೇನು ಸಾಕುವವರು ಸೇರಿ ಮಾಡಿಕೊಂಡ ಒಂದು ಬಳಗಕ್ಕೆ ಉಪಾಧ್ಯಕ್ಷರು. ಈ ಬಳಗಕ್ಕೆ ಮೊದಲು ಒಂದು ವಾಟ್ಸಾಪ್ ಗುಂಪು ಇತ್ತು. ಅಲ್ಲಿ ಒಬ್ಬರು ಎರಿಗೆ ಹುಳ ಬಿದ್ದದ್ದಕ್ಕೆ ಮದ್ದು ಕೇಳಿದರೆ, ಮದ್ದು ಬರುವುದರೊಳಗೆ ಇಪ್ಪತ್ತು ಜನ ಶುಭೋದಯದ ಗುಲಾಬಿ ಹಾಕಿ ಪ್ರಶ್ನೆಯನ್ನೇ ಹೂವಿನಡಿ ಹೂಳುತ್ತಿದ್ದರು. ಅದನ್ನು ನೋಡಿ ಬೇಸತ್ತು ಸುಳ್ಯದಲ್ಲಿ ಕಂಪ್ಯೂಟರ್ ಮತ್ತು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ರೂಪೇಶ್ ಎಂಬವನು ಇಂಟರ್ನೆಟ್ಟಿನಲ್ಲಿ 'ಜೇನುಕಟ್ಟೆ' ಎಂಬ ಚರ್ಚೆಯ ತಾಣ ಕಟ್ಟಿದ. ಒಬ್ಬರು ಪ್ರಶ್ನೆ ಹಾಕುವುದು, ಉಳಿದವರು ಅದರ ಕೆಳಗೆ ಉತ್ತರ ಬರೆಯುವುದು. ಇವತ್ತು ಬರೆದದ್ದು ಮುಂದಿನ ವರ್ಷಕ್ಕೂ ಅಲ್ಲೇ ಇರುತ್ತದೆ. ಅಕ್ಷರಗಳೆಲ್ಲ ಬಿಳಿಯ ಮೇಲೆ ಕಪ್ಪು, ಎಲ್ಲ ಒಂದೇ ಗಾತ್ರ. ಮದುವೆಗೂ ಸತ್ತವರ ಬೊಜ್ಜದ ಊಟಕ್ಕೂ ಒಂದೇ ಪಂಚೆ ಉಟ್ಟು ಬರುವ ಸಂಭಾವಿತರ ಹಾಗೆ.

ಆ ಸಂಭಾವಿತ ಅಕ್ಷರಗಳೇ ಬೆಳ್ಯಪ್ಪನವರ ಮಾನ ತೆಗೆದದ್ದು. ಮಳೆಗಾಲದಲ್ಲಿ ಹೂವಿಲ್ಲದಾಗ ಜೇನುನೊಣಗಳು ಸಾಯಬಾರದೆಂದು ಜೇನು ಸಾಕುವವರೆಲ್ಲರೂ ಪೆಟ್ಟಿಗೆಯೊಳಗೆ ಒಂದಿಷ್ಟು ಸಕ್ಕರೆ ನೀರು ಇಡುತ್ತಾರೆ. ಅದಕ್ಕಾಗಿ ತರಿಸಿದ ಸಕ್ಕರೆ ಮೂಟೆ ಬೆಳ್ಯಪ್ಪನವರ ಜಗಲಿಯಲ್ಲಿತ್ತು. ಆಟಿ ತಿಂಗಳ ಊಟಕ್ಕೆ ಬಂದಿದ್ದ ಜಯಪ್ರಕಾಶರು ಅದನ್ನು ನೋಡಿ, ಮನೆಗೆ ಹೋಗಿ, ಜೇನುಕಟ್ಟೆಯಲ್ಲಿ ಹೀಗೆ ಬರೆದರು: 'ನಮ್ಮ ಐವರ್ನಾಡಿನ ಭಾವನ ಜೇನಿಗೆ ನೊಣಗಳು ಬೇಕಂತಿಲ್ಲ, ಮೂಟೆ ಇದ್ದರೆ ಸಾಕು.' ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತ ಇದೇ ಮಾತನ್ನು ಹೇಳಿದ್ದರೆ ಎಲ್ಲರೂ ನಕ್ಕು ಮುಗಿಯುತ್ತಿತ್ತು. ಕಟ್ಟೆಯಲ್ಲಿ ಹೇಳಿದವನ ಮುಖ ಕಾಣುವುದಿಲ್ಲ. ಮೂರು ತಾಲೂಕಿನವರು ಅದನ್ನು ಉಪಾಧ್ಯಕ್ಷರ ಪ್ರಕಟಣೆಯೆಂದು ಓದಿದರು. ಜಯಪ್ರಕಾಶರಿಗೆ ಮರುದಿನವೇ ವಿಷಯ ತಿಳಿಯಿತು. ಆದರೆ ಉಪಾಧ್ಯಕ್ಷರು ತಮಾಷೆ ಮಾಡಿದ್ದು ಎಂದು ಒಪ್ಪಿಕೊಂಡರೆ ಮುಂದೆ ಅವರ ಗಂಭೀರ ಮಾತಿಗೂ ಜನ ನಗಬಹುದು. ಹಾಗಾಗಿ ಅವರು ಸುಮ್ಮನಿದ್ದರು. ಸುಮ್ಮನಿದ್ದು ಸುಮ್ಮನಿದ್ದು, ಕೊನೆಗೆ ಅದು ನಿಜವೇ ಇರಬೇಕೆಂದು ಅವರಿಗೂ ಅನ್ನಿಸತೊಡಗಿತು.

ಕಟ್ಟೆಯಲ್ಲಿ ಇಂಥ ಅನಾಹುತ ಇನ್ನೂ ನಾಲ್ಕಾರು ಆದ ಮೇಲೆ ರೂಪೇಶ್ ಯೋಚನೆ ಮಾಡಿ, ಮಾತಿಗೆ ಮುಖ ಬೇಕು ಎಂಬ ತೀರ್ಮಾನಕ್ಕೆ ಬಂದ. ಒಂದು ದಿನ ಬೆಳಗಾಗುವಾಗ ಕಟ್ಟೆಗೆ ಅಲಂಕಾರ ಆಗಿತ್ತು. ಅಕ್ಷರವನ್ನು ದಪ್ಪ ಮಾಡಬಹುದು, ಓರೆ ಮಾಡಬಹುದು, ಬಣ್ಣ ಬಳಿಯಬಹುದು. ನಗು ಬಂದರೆ ನಗುವ ಮುಖ, ಬೇಸರವಾದರೆ ಬೇಸರದ ಮುಖ, ಎಲ್ಲ ಹಳದಿ ಬಣ್ಣದವು. ಉಪಾಧ್ಯಕ್ಷರು ಅಂದಿನಿಂದ ಎಲ್ಲವನ್ನೂ ಓರೆ ಅಕ್ಷರದಲ್ಲೇ ಬರೆದರು. ದಿಂಬಿಗೆ ಒರಗಿ ಮಾತಾಡಿದಂತೆ ಕಾಣುತ್ತಿತ್ತು. ನರಿಮೊಗರಿನ ಆದಂ ಕುಂಞಿ ಎಂಬ ಹಿರಿಯರು ಅಕ್ಷರವನ್ನು ಎಷ್ಟು ದೊಡ್ಡದು ಮಾಡಿದರೆಂದರೆ ಅವರ ಒಂದು ಪ್ರಶ್ನೆ ಓದಲು ಮೊಬೈಲನ್ನು ಮೂರು ಸಲ ಸರಿಸಬೇಕಿತ್ತು. ಬೆಳ್ಯಪ್ಪನವರಿಗೆ ಕೆಂಪು ಹಿಡಿಸಿತು. ಪೆಟ್ಟಿಗೆಯ ಕಾಲಿಗೆ ಇರುವೆ ಹತ್ತುವ ವಿಷಯವನ್ನು ಅವರು ದಪ್ಪ ಕೆಂಪಿನಲ್ಲಿ ಬರೆದದ್ದನ್ನು ನೋಡಿ ಕಡಬದ ಒಬ್ಬರು, ಅವತ್ತು ಯಾವ ರಜೆ ಎಂದು ವಿಚಾರಿಸಿದರು. ಕ್ಯಾಲೆಂಡರಿನ ಅಭ್ಯಾಸ.

ಈ ಬಳಗದಲ್ಲಿ ಒಂದು ಪದ್ಧತಿ ಉಂಟು. ಜೇನಿನ ಹಂಗಾಮು ಮುಗಿಯುವಾಗ, ರೂಪೇಶನ ಅಂಗಡಿಯ ಮೇಲಿನ ಕೋಣೆಯಲ್ಲಿ ಎಲ್ಲರೂ ಸೇರುತ್ತಾರೆ. ಪ್ರತಿಯೊಬ್ಬರೂ ಒಂದೊಂದು ಬಾಟಲಿ ತರುತ್ತಾರೆ. ಎಲ್ಲರದೂ ಒಂದೇ ನಮೂನೆಯ ಬಾಟಲಿ, ಹೆಸರಿನ ಚೀಟಿಯನ್ನು ಬುಡಕ್ಕೆ ಅಂಟಿಸಬೇಕು. ನಾಲಿಗೆ ಜೇನಿನ ಬದಲು ಹೆಸರನ್ನು ನೆಕ್ಕಬಾರದು ಎಂಬುದೇ ಇದರ ತತ್ತ್ವ. ಬಹುಮಾನ ಎಂಬುದಿಲ್ಲ. ರುಚಿ ನೋಡುವುದು, ಮಾತಾಡುವುದು, ಬಾಟಲಿ ತೆಗೆದುಕೊಂಡು ಮನೆಗೆ ಹೋಗುವುದು. ಆ ವರ್ಷ ರುಚಿ ನೋಡುವುದು ಶುರುವಾಗುವ ಮೊದಲೇ ದೊಡ್ಡ ಗುಡುಗು ಬಂದು, ಕರೆಂಟು ಹೋಗಿ, ಮಳೆ ಹೊಡೆಯಿತು. ಬಸ್ಸು ತಪ್ಪೀತೆಂದು ಎಲ್ಲರೂ ಓಡಿದರು. ಚಪ್ಪಲಿ ಬಿಟ್ಟು ಓಡಿದವರೂ ಇದ್ದರು.

ಅದಾದ ಎರಡನೆಯ ಬೆಳಿಗ್ಗೆ, ಅಕ್ಕಚ್ಚಿನ ಹೊತ್ತಿಗೆ, ಕಟ್ಟೆಯಲ್ಲಿ ರೂಪೇಶನ ಬರಹ ಕಂಡಿತು. ಮೇಲೆ ಒಂದಿಷ್ಟು ಖಾಲಿ ಜಾಗ. ಅದರ ಕೆಳಗೆ ಎಂಟು ಹೆಸರು, ಒಂದರ ಕೆಳಗೊಂದು, ಎಡಬದಿಗೆ ಅಂಕಿ. ಏಳನೆಯದು ಆದಂ ಕುಂಞಿ, ನರಿಮೊಗರು. ಕೊನೆಯದು ಬೆಳ್ಯಪ್ಪ, ಐವರ್ನಾಡು. ಆ ಕೊನೆಯ ಹೆಸರಿಗೆ ಮಾತ್ರ ಅಂಕಿಯಿಲ್ಲ. ಅಂಕಿಯ ಜಾಗದಲ್ಲಿ ಒಂದು ಹಳದಿ ಉರುಟು, ಅದರ ನಡುವೆ ಅಡ್ಡಕ್ಕೆ ಕಪ್ಪು ಪಟ್ಟಿ.

ಹಳದಿ, ನಡುವೆ ಕಪ್ಪು ಪಟ್ಟಿ. ಜೇನು ಸಾಕುವವನಿಗೆ ಅದು ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಬೆಳ್ಯಪ್ಪನವರು ಅಂಗಳದಿಂದಲೇ ಹೆಂಡತಿಯನ್ನು ಕೂಗಿ ಕರೆದರು.

"ದುಗ್ಗಮ್ಮ, ಇದು ನೊಣ. ನನ್ನ ಹೆಸರಿಗೆ ನೊಣದ ಮುದ್ರೆ ಹಾಕಿದ್ದಾರೆ. ಎಂಟು ಜನರಲ್ಲಿ ನನಗೊಬ್ಬನಿಗೆ."

ದುಗ್ಗಮ್ಮ ಕೈ ಒರೆಸಿಕೊಂಡು ಬಂದು, ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು, ಬೆರಳಲ್ಲಿ ಹಿಗ್ಗಿಸಿ ನೋಡಿದರು.

"ನೊಣ ಅಲ್ಲ, ಮುಖ. ಕಪ್ಪು ಕನ್ನಡಕ ಉಂಟು. ಪುತ್ತೂರಿನ ಕ್ಯಾಂಪಿನಲ್ಲಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಬಂದವರ ಹಾಗೆ ಉಂಟು."

ಬೆಳ್ಯಪ್ಪನವರು ಒಂದು ಕ್ಷಣ ಕುಗ್ಗಿದರು. ಮರುಕ್ಷಣ ಅವರಿಗೆ ಇನ್ನೂ ಚೆನ್ನಾಗಿ ಅರ್ಥವಾಯಿತು. ಜೇನು ತೆಗೆಯುವಾಗ ಮುಖಕ್ಕೆ ಕಟ್ಟಿಕೊಳ್ಳುವ ಬಲೆಯೂ ಕಪ್ಪೇ ಅಲ್ಲವೇ? ಅಂದರೆ ಇದು ಬರೀ ನೊಣವಲ್ಲ, ಬಲೆ ಕಟ್ಟಿದ ಜೇನುಗಾರನ ಮುಖ. ಕಣ್ಣು ತುಂಬ ಕೆಲಸ, ಬಾಯಿ ತುಂಬ ನಗು. ಇಂಥವನ ಜೇನು ಶುದ್ಧ ಎಂದು ಬಳಗ ಹಾಕಿದ ಮುದ್ರೆ. ಮೇಲಿನ ಖಾಲಿ ಜಾಗ ಯಾಕೆಂಬ ಪ್ರಶ್ನೆ ಅವರಿಗೆ ಬರಲಿಲ್ಲ. ದೊಡ್ಡ ಪ್ರಕಟಣೆಗಳಿಗೆ ಮೇಲೆ ಒಂದಿಷ್ಟು ಜಾಗ ಬಿಡುವುದು ಕ್ರಮ. ಕಪ್ಪು ಕನ್ನಡಕದ ಕಡೆಗೆ ನೋಡುತ್ತ ಅವರು, ಅಮ್ಮ ಇದ್ದಿದ್ದರೆ ಎಂದರು. ದುಗ್ಗಮ್ಮ ಬಾಲ್ದಿ ಎತ್ತಿ ದನದ ಮುಂದಿಟ್ಟರು.

ರೂಪೇಶನನ್ನು ಕೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವನು ಆ ಬರಹ ಹಾಕಿದ ದಿನವೇ ತಾಯಿಯನ್ನು ಕರೆದುಕೊಂಡು ಕಾಶಿಗೆ ಹೊರಟಿದ್ದ. ತಾಯಿ ರೈಲು ಹತ್ತುವ ಮೊದಲು ಮಗನ ಮೊಬೈಲನ್ನು ಇಸಿದುಕೊಂಡು, ಆರಿಸಿ, ತುಳಸಿಮಾಲೆಯ ಜೊತೆಗೆ ಕಟ್ಟಿ ಚೀಲದಲ್ಲಿಟ್ಟಿದ್ದರು. ವಿಶ್ವನಾಥನ ಮುಂದೆ ನಿಂತು ಮೊಬೈಲು ತಿಕ್ಕುವ ಮಗ ಅವರಿಗೆ ಬೇಡವಾಗಿತ್ತು.

ಮೊದಲ ಫೋನು ಬಂದದ್ದು ಏಳನೆಯವರಿಂದ. ಆದಂ ಕುಂಞಿ ಅಭಿನಂದನೆ ಹೇಳಿದರು, ಆಮೇಲೆ ಸ್ವಲ್ಪ ಹೊತ್ತು ಕೆಮ್ಮಿದರು, ಆಮೇಲೆ ವಿಷಯಕ್ಕೆ ಬಂದರು.

"ಬೆಳ್ಯಪ್ಪಣ್ಣ, ನಿಮಗೆ ಮುಖ ಕೊಟ್ಟದ್ದಕ್ಕೆ ನನಗೆ ಬೇಸರ ಇಲ್ಲ. ನಾನು ಏಳನೆಯವ. ಒಂದು ಕಣ್ಣಾದರೂ ಕೊಡಬಹುದಿತ್ತು."

ಎರಡನೆಯ ಫೋನು ಪುತ್ತೂರಿನಲ್ಲಿ ದಿನಸಿ ಅಂಗಡಿಯಿದ್ದ ಹಕೀಮರದ್ದು. ಬೆಳ್ಯಪ್ಪನವರ ಕೆಲವು ಬಾಟಲಿಗಳು ಅವರ ಅಂಗಡಿಯ ಮೂಲೆಯಲ್ಲಿ, ಉಪ್ಪಿನಕಾಯಿ ಭರಣಿಗಳ ಹಿಂದೆ ವನವಾಸ ಮಾಡುತ್ತಿದ್ದವು. ಹಕೀಮರು ಆ ದಿನವೇ ಅವುಗಳನ್ನು ಒರೆಸಿ ಕಣ್ಣಿಗೆ ಬೀಳುವ ಸಾಲಿಗೆ ತಂದರು. ಮುದ್ರೆಯ ಚಿತ್ರವನ್ನು ಕಾಗದಕ್ಕೆ ತೆಗೆಸಿ ಕತ್ತರಿಸಿ ಒಂದೊಂದಕ್ಕೆ ಅಂಟಿಸಿದರು. ಕಪ್ಪು ಕನ್ನಡಕದ ಜೇನು ಎಂದು ಗಿರಾಕಿಗಳು ಕೇಳಿಕೊಂಡು ಬರತೊಡಗಿದರು. ಒಬ್ಬರು ಅದು ಕಣ್ಣಿಗೆ ಒಳ್ಳೆಯದಂತೆ ಹೌದಾ ಎಂದು ವಿಚಾರಿಸಿದಾಗ ಹಕೀಮರು ವ್ಯಾಪಾರಸ್ಥರಾದ್ದರಿಂದ ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ.

ಮೂರನೆಯದಾಗಿ ಬಂದದ್ದು ಫೋನಲ್ಲ, ಗುಡಿಯ ಭಜನಾ ಮಂಡಳಿಯ ಅಧ್ಯಕ್ಷೆ ಸುಪ್ರಿತಾ ಟೀಚರ್, ಖುದ್ದಾಗಿ. ಅಭಿಷೇಕದ ಹಿಂದಿನ ಸಂಜೆ ಮಂಡಳಿಯವರು ಗುಡಿಯ ಅಂಗಳದಲ್ಲಿ ಸಭೆ ಮಾಡಿ ಊರಿನ ಒಬ್ಬ ಸಾಧಕರಿಗೆ ಸನ್ಮಾನ ಮಾಡುವುದು ವಾಡಿಕೆ. ಸಣ್ಣ ಊರು, ಸಾಧಕರೆಲ್ಲ ಮುಗಿದುಹೋಗಿದ್ದರು. ನಿವೃತ್ತ ಹೆಡ್ಮಾಷ್ಟ್ರಿಗೆ ಎರಡು ಸಲ ಆಗಿತ್ತು. ಮೂರನೆಯ ಸಲ ಕೇಳಲು ಹೋದಾಗ ಅವರು ಶಾಲು ಇಡಲು ಕಪಾಟಿನಲ್ಲಿ ಜಾಗವಿಲ್ಲ ಎಂದಿದ್ದರು. ಟೀಚರಿಗೆ ಬೆಳ್ಯಪ್ಪನವರ ಮುದ್ರೆ ದೇವರೇ ಕಳಿಸಿದ ಹಾಗೆ ಕಂಡಿತು.

ಬೆಳ್ಯಪ್ಪನವರು ಸನ್ಮಾನಕ್ಕೆ ಒಪ್ಪಿದರು. ಆದರೆ ಒಂದು ಮಾತು ಕೇಳಿಕೊಂಡರು.

"ಟೀಚರ್, ಶಾಲು ಹಾಕಿದರೂ ಅಡ್ಡಿಯಿಲ್ಲ, ಹಾಕದಿದ್ದರೂ ಅಡ್ಡಿಯಿಲ್ಲ. ಮರುದಿನದ ಅಭಿಷೇಕಕ್ಕೆ ನಮ್ಮ ಮನೆಯ ಜೇನು ಆಗ್ತದಾ ಅಂತ ಹಿರಿಯರ ಹತ್ತಿರ ಕೇಳಿ. ನನಗೆ ಅದೊಂದು ಸಾಕು."

ಹಿರಿಯರು ಸೇರಿ ಕೂತು, ಬಳಗವೇ ಮುದ್ರೆ ಹಾಕಿದ ಮೇಲೆ ನಮ್ಮದೇನು ತಕರಾರು, ಸಭೆಯಲ್ಲೇ ಎಲ್ಲರ ಎದುರು ಹೇಳೋಣ ಎಂದರು. ಆ ರಾತ್ರಿ ಬೆಳ್ಯಪ್ಪನವರು ತಾಯಿಯ ಫೋಟೋದ ಮುಂದೆ ದೀಪ ಇಡುವಾಗ ಮೊಬೈಲನ್ನೂ ಒಂದು ಗಳಿಗೆ ಅದರ ಎದುರು ಹಿಡಿದರು. ಮುದ್ರೆ ಕಾಣಲಿ ಎಂದು.

ಇಷ್ಟು ಸುಸೂತ್ರವಾಗಿ ನಡೆಯುತ್ತಿದ್ದ ಲೋಕದಲ್ಲಿ ಉಪಾಧ್ಯಕ್ಷರು ಎಂಬವರು ಇರುತ್ತಾರೆ. ಸನ್ಮಾನದ ಸುದ್ದಿ ಕೋಡಿಂಬಾಳಕ್ಕೆ ಮುಟ್ಟಿದಾಗ ಜಯಪ್ರಕಾಶರಿಗೆ ಎರಡು ಚಿಂತೆಯಾಯಿತು. ತಾನು ಉಪಾಧ್ಯಕ್ಷನಾಗಿ ಇರುವಾಗ ತನಗೆ ತಿಳಿಯದೆ ಮುದ್ರೆ ಬಂದದ್ದು ಹೇಗೆ ಎಂಬುದು ಒಂದು. ಮೂಟೆಯ ಭಾವನಿಗೆ ಶುದ್ಧದ ಮುದ್ರೆ ಬಿದ್ದರೆ ತನ್ನ ಬರಹ ಸುಳ್ಳಾಗುತ್ತದಲ್ಲ ಎಂಬುದು ಇನ್ನೊಂದು. ಅವರು ಆ ಮುಖವನ್ನು ಬಹಳ ಹೊತ್ತು ನೋಡಿ, ಜೇನುಕಟ್ಟೆಯಲ್ಲಿ ಓರೆ ಅಕ್ಷರದಲ್ಲಿ ಹೀಗೆ ಬರೆದರು: 'ಸದಸ್ಯರು ಗಮನಿಸಬೇಕು. ಸಾಚಾ ಮನುಷ್ಯ ಕಣ್ಣು ಮುಚ್ಚಿಕೊಳ್ಳುವುದಿಲ್ಲ. ಕಣ್ಣು ಮುಚ್ಚಿಕೊಂಡು ನಗುವವನು ಯಾರು ಎಂದು ಎಲ್ಲರಿಗೂ ಗೊತ್ತಿದೆ. ಇದು ಹೊಗಳಿಕೆಯ ಗುರುತೋ ಎಚ್ಚರಿಕೆಯ ಗುರುತೋ ರೂಪೇಶ್ ಬಂದ ಮೇಲೆ ಗೊತ್ತಾಗುತ್ತದೆ.'

ಅಲ್ಲಿಗೆ ಊರು ಎರಡಾಯಿತು. ಒಂದು ಪಕ್ಷಕ್ಕೆ ಅದು ಬಲೆ ಕಟ್ಟಿದ ಜೇನುಗಾರ, ಇನ್ನೊಂದು ಪಕ್ಷಕ್ಕೆ ಕಪ್ಪು ಕನ್ನಡಕದ ಕಳ್ಳ. ನಿನ್ನೆಯವರೆಗೆ ಎಷ್ಟು ಚೆನ್ನಾಗಿ ನಗುತ್ತದೆ ಎಂದವರೇ ಈಗ ಆ ನಗು ಸರಿಯಿಲ್ಲ, ಒಂದು ಬದಿಗೆ ಹೋಗುತ್ತದೆ ಎಂದರು. ಆದಂ ಕುಂಞಿ ಫೋನು ಮಾಡಿ, ಏಳನೆಯವನಾಗಿ ಬರೀ ಅಂಕಿಯಲ್ಲಿ ಉಳಿದದ್ದೇ ಒಳ್ಳೆಯದಾಯಿತು ಎಂದು ದೇವರಿಗೆ ಶುಕ್ರು ಹೇಳಿದರು. ಹಕೀಮರು ಬಾಟಲಿಗಳನ್ನು ಪುನಃ ಉಪ್ಪಿನಕಾಯಿಯ ಹಿಂದಕ್ಕೆ ಕಳಿಸಲಿಲ್ಲ. ಅರ್ಧ ದಾರಿಯಲ್ಲಿ, ಸಾಬೂನಿನ ಪಕ್ಕದಲ್ಲಿ ನಿಲ್ಲಿಸಿದರು. ಗುಡಿಯ ಹಿರಿಯರು ಪುನಃ ಸೇರಿದರು. ಸನ್ಮಾನದ ಕಾಗದ ಹಂಚಿ ಆಗಿದೆ, ಶಾಲು ತಂದಾಗಿದೆ, ಆದ್ದರಿಂದ ಶಾಲು ಹಾಕುವುದು; ಜೇನಿನ ಮಾತು ಮಾತ್ರ ರೂಪೇಶ್ ಬಂದು ಮುದ್ರೆಯ ಅರ್ಥ ಹೇಳಿದ ಮೇಲೆ ಎಂದು ನಿಶ್ಚಯಿಸಿದರು. ಅಂದರೆ ಅಮ್ಮನ ಕಾಲದಿಂದ ಬಂದ ಜೇನಿನ ಮರ್ಯಾದೆ ಉಳಿಯುವುದೂ ಹೋಗುವುದೂ ಒಂದು ಕಡಲೆಕಾಳಿನಷ್ಟು ಮುಖದ ಮೇಲೆ ನಿಂತಿತು.

ಈ ನಡುವೆ ಸನ್ಮಾನಕ್ಕೆ ಕರೆಯಲೆಂದು ದುಗ್ಗಮ್ಮ ನಾದಿನಿ ಸೀತುವಿಗೆ ಫೋನು ಮಾಡಿದರು. ಸೀತು ಗಂಡನ ಬರಹಕ್ಕೆ ಕ್ಷಮೆ ಕೇಳುವ ದನಿಯಲ್ಲಿ ಏನೇನೋ ಬೇರೆ ಮಾತಾಡಿದಳು. ಇವರಿಗೆ ಈಗ ನೀರುದೋಸೆಗೆ ತೆಂಗಿನಕಾಯಿ ಬೆಲ್ಲ ಆಗುವುದಿಲ್ಲವಂತೆ, ಕೀಲಿ ಇವರ ಹತ್ತಿರವೂ ಇರುವುದರಿಂದ ಸುಳ್ಯದ ಬಳಗದ ಕೋಣೆಗೆ ಹೋಗಿ ಬರುವಾಗಲೆಲ್ಲ ಖಾಲಿ ಕಷಾಯದ ಬಾಟಲಿಯಲ್ಲಿ ಸ್ವಲ್ಪ ಜೇನು ತರುತ್ತಾರಂತೆ, ಅದನ್ನು ಒಬ್ಬರೇ ತಿನ್ನುತ್ತಾರಂತೆ; ಕೇಳಿದರೆ ಇದು ಉಪಾಧ್ಯಕ್ಷರು ಪರೀಕ್ಷೆ ಮಾಡುವ ಜೇನು, ಹೆಂಗಸರಿಗಲ್ಲ ಎನ್ನುತ್ತಾರಂತೆ. ಇಬ್ಬರೂ ಗಂಡಸರ ನಾಲಿಗೆಯ ಬಗ್ಗೆ ಸ್ವಲ್ಪ ನಕ್ಕು ಫೋನಿಟ್ಟರು.

ಸಭೆಯ ದಿನ ಬಂತು. ಗುಡಿಯ ಅಂಗಳದಲ್ಲಿ ಕುರ್ಚಿಗಳು ಸಾಲದೆ ಜನ ಕಟ್ಟೆಯ ಮೇಲೆ ಕೂತರು. ಸನ್ಮಾನಕ್ಕೆ ಇಷ್ಟು ಜನ ಹಿಂದೆಂದೂ ಬಂದಿರಲಿಲ್ಲ. ಮರ್ಯಾದೆ ಬರುವುದನ್ನು ನೋಡಲು ಬರುವವರಿಗಿಂತ ಹೋಗುವುದನ್ನು ನೋಡಲು ಬರುವವರು ಯಾವತ್ತೂ ಬೇಗ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಹಕೀಮರು ಪುತ್ತೂರಿನಿಂದ ಸ್ಕೂಟರಿನಲ್ಲಿ ಬಂದು ಹಿಂದೆ ನಿಂತಿದ್ದರು. ಬಾಟಲಿಗಳನ್ನು ಯಾವ ಸಾಲಿನಲ್ಲಿ ಇಡಬೇಕೆಂದು ಅವರಿಗೆ ಅವತ್ತೇ ಗೊತ್ತಾಗಬೇಕಿತ್ತು. ಜಯಪ್ರಕಾಶರು ಇಸ್ತ್ರಿಯ ಬಿಳಿ ಅಂಗಿ ಹಾಕಿ ಮುಂದೆ ಕೂತಿದ್ದರು. ಸೀತು ಹೆಂಗಸರ ಕಡೆ ಅತ್ತಿಗೆಯ ಪಕ್ಕ ಕೂತಿದ್ದಳು.

ರೂಪೇಶ್ ಹಿಂದಿನ ದಿನವಷ್ಟೇ ಕಾಶಿಯಿಂದ ಬಂದಿದ್ದ. ಬೋಳಿಸಿದ ತಲೆ, ಹಣೆಯಲ್ಲಿ ವಿಭೂತಿ, ಒಂದು ಕೈಯಲ್ಲಿ ಗಂಗೆಯ ತಂಬಿಗೆ, ಇನ್ನೊಂದು ಕೈಯಲ್ಲಿ ಬಟ್ಟೆಯ ಚೀಲ. ಏನಾಗುತ್ತಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ವೇದಿಕೆಗೆ ಕರೆದದ್ದು ಕಾಶಿಗೆ ಹೋಗಿ ಬಂದದ್ದಕ್ಕೆ ಎಂದುಕೊಂಡು ಅವನು ತಲೆಬಾಗಿ ಹತ್ತಿದ.

ಬೆಳ್ಯಪ್ಪನವರಿಗೆ ಪೇಟ ಇಟ್ಟರು, ಶಾಲು ಹೊದೆಸಿದರು, ಮಡಿಲಿಗೆ ಹಣ್ಣಿನ ತಟ್ಟೆ ಇಟ್ಟರು. ಪೇಟ ಸ್ವಲ್ಪ ದೊಡ್ಡದಾಗಿ ಹುಬ್ಬಿನವರೆಗೆ ಇಳಿಯಿತು. ಸುಪ್ರಿತಾ ಟೀಚರ್ ಮುದ್ರೆಯ ಬಗ್ಗೆ ಎರಡು ಮಾತಾಡಲು ರೂಪೇಶನನ್ನು ಕೇಳಿಕೊಂಡರು. ಅಷ್ಟರಲ್ಲಿ ಜಯಪ್ರಕಾಶರು ಎದ್ದು ನಿಂತರು.

"ಎರಡು ಮಾತು ಬೇಡ ರೂಪೇಶ. ಒಂದೇ ಮಾತು ಹೇಳು. ನಮ್ಮ ಭಾವನಿಗೆ ಈ ಕನ್ನಡಕ ಹಾಕಿದ್ದು ಯಾಕೆ?"

ರೂಪೇಶ್ ಟೀಚರ ಮೊಬೈಲಿನಲ್ಲಿ ತಾನೇ ಹಾಕಿದ ಬರಹವನ್ನು ನೋಡಿದ. ನೋಡುತ್ತ ಅವನ ಕಿವಿ ಕೆಂಪಾಯಿತು.

"ಅಯ್ಯೋ, ಇದು ನಾನು ಹಾಕಿದ್ದಲ್ಲ ಮಾರಾಯ್ರೆ. ಕಂಪ್ಯೂಟರ್ ಹಾಕಿದ್ದು. ಇಂಗ್ಲಿಷಿನ ಎಂಟು ಬರೆದು ಪಕ್ಕದಲ್ಲಿ ಬ್ರಾಕೆಟ್ ಹಾಕಿದರೆ ಅದು ತಾನೇ ಮುಖ ಮಾಡ್ತದೆ. ಎಂಟರ ಎರಡು ಸೊನ್ನೆ ಅದಕ್ಕೆ ಕನ್ನಡಕದ ಹಾಗೆ ಕಾಣುದು, ಬ್ರಾಕೆಟ್ ಬಾಯಿಯ ಹಾಗೆ. ಎಂಟನೆಯವರು ಯಾರೇ ಆಗಿದ್ದರೂ ಕನ್ನಡಕ ಬರ್ತಿತ್ತು."

ಆಮೇಲೆ ಆದಂ ಕುಂಞಿಯವರ ದನಿ ಹಿಂದಿನಿಂದ ಕೇಳಿಸಿತು. ತಾನು ಒಂದೇ ಒಂದು ಮೆಟ್ಟಿಲಲ್ಲಿ ತಪ್ಪಿದ್ದು ಎಂದು ಅವರು ಪಕ್ಕದವರಿಗೆ ವಿವರಿಸುತ್ತಿದ್ದರು. ಟೀಚರ್ ಸಾವರಿಸಿಕೊಂಡು, ಕನ್ನಡಕ ಹೋಗಲಿ, ಎಂಟು ಉತ್ತಮ ಜೇನುಗಳ ಸಾಲಿನಲ್ಲಿ ಹೆಸರಂತೂ ಇದೆಯಲ್ಲ ಎಂದರು. ರೂಪೇಶ್ ಇನ್ನೂ ತಗ್ಗಿದ ದನಿಯಲ್ಲಿ, ಅದು ಉತ್ತಮ ಜೇನುಗಳ ಸಾಲಲ್ಲ, ಮೇಲೆ ತಲೆಬರಹ ಹಾಕಿದ್ದೆನಲ್ಲ, ಯಾರೂ ಓದಲಿಲ್ಲವಾ ಎಂದು ಕೇಳಿದ. ತಲೆಬರಹ ಎಲ್ಲಿದೆ ಎಂದು ಎಲ್ಲರೂ ಕೇಳಿದರು. ಜೇನಿನ ವಿಷಯ ಆದ್ದರಿಂದ ಚೆಂದಕ್ಕೆ ಇರಲಿ ಎಂದು ಅವನು ಅದಕ್ಕೆ ಜೇನಿನ ಬಣ್ಣ ಹಾಕಿದ್ದ. ಬಿಳಿಯ ಮೇಲೆ ತಿಳಿಹಳದಿ ಮೂರು ತಾಲೂಕಿನಲ್ಲಿ ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ. ಟೀಚರ್ ಮೊಬೈಲನ್ನು ಓರೆಯಾಗಿ ಹಿಡಿದು, ಕಷ್ಟಪಟ್ಟು, ಎಲ್ಲರಿಗೂ ಕೇಳುವಂತೆ ಓದಿದರು: 'ಮಳೆಯ ದಿನ ಈ ಕೆಳಗಿನವರು ತಮ್ಮ ಬಾಟಲಿ ಬಿಟ್ಟು ಓಡಿದ್ದಾರೆ. ಬಂದು ತೆಗೆದುಕೊಂಡು ಹೋಗತಕ್ಕದ್ದು.'

ಮೊದಲು ಮುಂದಿನ ಸಾಲು ನಕ್ಕಿತು, ಆಮೇಲೆ ಕಟ್ಟೆ ನಕ್ಕಿತು. ಜಯಪ್ರಕಾಶರು ನಗಲಿಲ್ಲ, ಕೈಕಟ್ಟಿ, ಕೆಲಸ ಮುಗಿದವರ ಹಾಗೆ ಕೂತರು. ಬೆಳ್ಯಪ್ಪನವರಿಗೆ ಪೇಟದ ಅಡಿಯಿಂದ ಜನರ ಕಾಲು ಮಾತ್ರ ಕಾಣುತ್ತಿತ್ತು. ಅವರು ಪೇಟ ತೆಗೆದು ತಟ್ಟೆಯ ಮೇಲಿಟ್ಟು, ಶಾಲನ್ನು ಮಡಚಿ, ಟೀಚರ ಕಡೆಗೆ ಚಾಚಿದರು.

"ಇದು ಬಾಟಲಿ ಮರೆತದ್ದಕ್ಕೆ ಹಾಕುವ ಶಾಲಲ್ಲ ಟೀಚರ್. ವಾಪಸು ಇಟ್ಟುಕೊಳ್ಳಿ. ನನ್ನ ಬಾಟಲಿ ಒಂದು ಕೊಡಿಸಿ, ಮನೆಗೆ ಹೋಗ್ತೇನೆ."

ರೂಪೇಶನ ಮುಖ ಈಗ ನಿಜಕ್ಕೂ ನೋಡುವ ಹಾಗಿತ್ತು. ಅವನು ಬಟ್ಟೆಯ ಚೀಲಕ್ಕೆ ಕೈ ಹಾಕಿ ಒಂದು ಬಾಟಲಿ ಹೊರಗೆ ತೆಗೆದು ಮೇಜಿನ ಮೇಲಿಟ್ಟ. ಬಾಟಲಿ ಖಾಲಿ. ಬರೀ ಖಾಲಿಯಲ್ಲ, ಒಳಗಿನ ಗೋಡೆಗೆ ಬೆರಳು ಹಾಕಿ ಒರೆಸಿದ ಗುರುತು ದೂರಕ್ಕೂ ಕಾಣುತ್ತಿತ್ತು.

"ಬೆಳ್ಯಪ್ಪಣ್ಣ, ಕ್ಷಮಿಸಬೇಕು. ನಾನು ಕಾಶಿಗೆ ಹೋಗುವಾಗ ಎಂಟೂ ಭರ್ತಿ ಇತ್ತು. ಇವತ್ತು ಬೆಳಿಗ್ಗೆ ಬೀಗ ತೆಗೆದು ನೋಡುದಾದರೆ ಏಳು ಭರ್ತಿ ಉಂಟು, ನಿಮ್ಮದೊಂದು ಹೀಗೆ. ಒಂದು ಕೀಲಿ ನನ್ನ ಜೊತೆ ಕಾಶಿಗೆ ಬಂದಿತ್ತು. ಇನ್ನೊಂದು..."

ಅವನು ಮಾತು ನಿಲ್ಲಿಸಿದ. ಇನ್ನೊಂದು ಕೀಲಿ ಯಾರ ಬಳಿ ಇರುತ್ತದೆಂದು ಅವನು ಹೇಳಲಿಲ್ಲ. ಹೆಂಗಸರ ಕಡೆಯಿಂದ ಸೀತು ಎದ್ದು ನಿಂತಿದ್ದಳು. ಮದುವೆಯಾದ ಮೇಲೆ ಅವಳು ಹತ್ತು ಜನರ ಎದುರು ಗಂಡನನ್ನು ಮಾತಾಡಿಸಿದ್ದು ಅದೇ ಮೊದಲು.

"ಹೌದಾ ಇವರೇ, ನೀವು ದಿನಾ ಬೆಳಿಗ್ಗೆ ನೀರುದೋಸೆಗೆ ಹಾಕಿಕೊಳ್ಳುದು ಇದೇಯಾ?"

ಜಯಪ್ರಕಾಶರು ಆ ಕಡೆ ನೋಡಿದರು, ಈ ಕಡೆ ನೋಡಿದರು. ಉಪಾಧ್ಯಕ್ಷರು ರುಚಿ ಪರೀಕ್ಷೆ ಮಾಡುವುದು ಕರ್ತವ್ಯ, ಎಂಟು ಬಾಟಲಿಯನ್ನೂ ಪರೀಕ್ಷೆ ಮಾಡಿದ್ದೇನೆ, ಹೆಸರು ಬುಡದಲ್ಲಿ ಇದ್ದದ್ದರಿಂದ ಯಾರದ್ದೆಂದು ನನಗೆ ತಿಳಿಯಲಿಲ್ಲ ಎಂದು ಗಂಭೀರವಾಗಿ ಹೇಳತೊಡಗಿದರು. ಬೆಳ್ಯಪ್ಪನವರು ಬಾಟಲಿಯನ್ನು ಎತ್ತಿ ಬುಡವನ್ನು ಅವರ ಕಡೆಗೆ ತಿರುಗಿಸಿದರು. ದುಗ್ಗಮ್ಮನ ಉರುಟು ಅಕ್ಷರದಲ್ಲಿ ಬರೆದ ಚೀಟಿ ಅಲ್ಲೇ ಇತ್ತು.

"ಏಳು ಬಾಟಲಿ ಭರ್ತಿ ಉಂಟಂತಲ್ಲ ಭಾವ. ಇದೊಂದು ಯಾಕೆ ಖಾಲಿ ಆಯ್ತು? ಸಕ್ಕರೆ ಜಾಸ್ತಿ ಇತ್ತಾ?"

ಜಯಪ್ರಕಾಶರು ಸುಳ್ಳು ಹೇಳಬಲ್ಲವರೇ ಆಗಿದ್ದರೂ ಗುಡಿಯ ಬಾಗಿಲು ತೆರೆದಿತ್ತು, ಒಳಗೆ ದೀಪ ಉರಿಯುತ್ತಿತ್ತು. ಅವರ ಹೆಗಲು ಒಂದಿಷ್ಟು ಇಳಿಯಿತು.

"ಬೇರೆ ಏಳಕ್ಕೆ ನಾನು ಎರಡನೇ ಸಲ ಬೆರಳು ಹಾಕಲಿಲ್ಲ," ಎಂದರು. ಮತ್ತೆ, "ಆ ಮೂಟೆಯ ಮಾತು ತಮಾಷೆಗೆ ಬರೆದದ್ದು ಮಾರಾಯ. ಆಗ ಕಟ್ಟೆಯಲ್ಲಿ ನಗುವ ಮುಖ ಇರಲಿಲ್ಲ."

ಇಷ್ಟು ದಿನ ಬೇಕಾಗಿದ್ದ ಮುಖ ಅದೊಂದೇ. ಬೆಳ್ಯಪ್ಪನವರು ಬಾಟಲಿಯನ್ನು ಮೇಜಿನ ಮೇಲೆ ನೇರವಾಗಿ ನಿಲ್ಲಿಸಿದರು, ಆಮೇಲೆ ಸ್ವಲ್ಪ ಬಲಕ್ಕೆ ಸರಿಸಿದರು. ವೀಳ್ಯದೆಲೆಯ ಹಿರಿಯರು ಎದ್ದು ಬಂದು, ಮಡಚಿದ ಶಾಲನ್ನು ಬಿಡಿಸಿ, ಪುನಃ ಬೆಳ್ಯಪ್ಪನವರ ಹೆಗಲಿಗೆ ಹೊದೆಸಿದರು. ನಾಳೆ ಬೆಳಿಗ್ಗೆ ಅಭಿಷೇಕ ಬೇಗ ಶುರುವಾಗುತ್ತದೆ, ಜೇನು ಅದಕ್ಕೆ ಮೊದಲೇ ಬಂದರೆ ಒಳ್ಳೆಯದು, ನಿಮ್ಮ ತಾಯಿ ಯಾವತ್ತೂ ತಡಮಾಡಿದವರಲ್ಲ ಎಂದರು. ಹಿಂದೆ ಹಕೀಮರು ಸ್ಕೂಟರು ಚಾಲೂ ಮಾಡಿದ ಶಬ್ದ ಕೇಳಿಸಿತು. ಅಂಗಡಿ ಮುಚ್ಚುವ ಮೊದಲು ಅವರಿಗೆ ಕೆಲವು ಬಾಟಲಿ ಸಾಲು ಬದಲಿಸುವುದಿತ್ತು.

ಮರುದಿನ ನಸುಕಿನಲ್ಲಿ ಬೆಳ್ಯಪ್ಪನವರು ತಲೆಗೆ ಮಿಂದು ಬಂದು, ಹಂಗಾಮಿನ ಕೊನೆಯ ಬಾಟಲಿಯನ್ನು ಮಣೆಯ ಮೇಲೆ ಮಗುಚಿ ಹಿಡಿದು ಏನೋ ಮಾಡುತ್ತಿದ್ದರು. ದುಗ್ಗಮ್ಮ ಬಗ್ಗಿ ನೋಡಿದರು. ಬುಡದ ಹೆಸರಿನ ಚೀಟಿಯ ಪಕ್ಕದಲ್ಲಿ ಅರಸಿನ ಕಲಸಿ ಒಂದು ಉರುಟು ಬರೆದಾಗಿತ್ತು. ಈಗ ಕಾಡಿಗೆಯಿಂದ ನಡುವೆ ಪಟ್ಟಿ ಎಳೆಯುತ್ತಿದ್ದರು.

"ಅದು ಕಂಪ್ಯೂಟರಿನ ತಪ್ಪು ಅಂತ ಆಯ್ತಲ್ಲ. ಮತ್ತೆ ಎಂತಕ್ಕೆ? ಅದೂ ಬುಡದಲ್ಲಿ. ಯಾರಿಗೆ ಕಾಣ್ತದೆ?"

"ಭಟ್ರು ಬಾಟಲಿ ಎತ್ತಿ ಬಗ್ಗಿಸುವಾಗ ಬುಡ ಮೇಲೆ ಆಗ್ತದಲ್ಲ," ಎಂದರು ಬೆಳ್ಯಪ್ಪ, ಪಟ್ಟಿಯಿಂದ ಕಣ್ಣು ತೆಗೆಯದೆ. "ಮೇಲಿನಿಂದ ನೋಡುವವರಿಗೆ ಕಾಣ್ತದೆ. ಅಮ್ಮನಿಗೆ."

ದುಗ್ಗಮ್ಮ ಬಾಟಲಿಯ ಬುಡವನ್ನು ತನ್ನ ಕಡೆಗೆ ತಿರುಗಿಸಿ ನೋಡಿದರು. ಆಮೇಲೆ, ಅತ್ತೆ ಇದನ್ನು ನೋಡಿ ಮಗನಿಗೆ ಕಣ್ಣಿನ ಆಪರೇಷನ್ ಆಯಿತೆಂದು ಹೆದರಿಯಾರು, ಒಂದು ನಗುವ ಬಾಯಿ ಸರಿಯಾಗಿ ಬರೆಯಿರಿ ಎಂದರು. ಬೆಳ್ಯಪ್ಪನವರು ಬಾಯಿಯನ್ನು ಅಗಲವಾಗಿ ಬರೆದರು. ಮತ್ತೆ ಬಾಟಲಿಯನ್ನು ಸನ್ಮಾನದ ಶಾಲಿನಲ್ಲಿ ಮುಚ್ಚಿಕೊಂಡು, ಎದೆಗೆ ಒತ್ತಿ ಹಿಡಿದು, ಗುಡಿಯ ಕಡೆಗೆ ಹೊರಟರು. ದಾರಿಯಲ್ಲಿ ಸಿಕ್ಕಿದವರೆಲ್ಲ ಮಾತಾಡಿಸಿದರು. ಅವರು ಯಾರೊಡನೆಯೂ ಒಂದು ಮಾತಾಡಲಿಲ್ಲ.